ಬರದಿರಲು ಕಾರಣ

ಸಂಜೆ ಐದೂವರೆಗೆ ಫೋನು ಟಿಣ್ ಅಂದಾಗ ಕಾವ್ಯಾ ವಿಜಯಪುರದ ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದು ಕೂತಿದ್ದಳು. ತಿಕೋಟಾ ಬಿಟ್ಟು ಇನ್ನೂ ಹತ್ತು ನಿಮಿಷವಾಗಿರಲಿಲ್ಲ. ಅವಳು ಫೋನು ತೆಗೆದದ್ದು ಓದಲಿಕ್ಕಲ್ಲ, ನೋಡಿ ಖುಷಿಪಡಲಿಕ್ಕೆ. ಹನ್ನೊಂದು ದಿನದಿಂದ ಸರಿಯಾಗಿ ಇದೇ ಹೊತ್ತಿಗೆ, ಯಾರೂ ಕೈ ಹಚ್ಚದೆ, ನಾಳೆಯ ಪಾಳಿಯ ಪಟ್ಟಿ ತಾನೇ ತಯಾರಾಗಿ ತಾನೇ ವಾಟ್ಸಾಪ್ ಗ್ರೂಪಿಗೆ ಬಂದು ಬೀಳುತ್ತಿತ್ತು. ಯಾರು ಯಾವ ಪಾಳಿ, ಟಂಟಂ ಆಟೋ ಯಾವ ಊರಿಗೆ ಎಷ್ಟು ಗಂಟೆಗೆ, ಯಾರು ರಜೆ, ಯಾಕೆ ರಜೆ. ಎಲ್ಲ ಅವಳದೇ ಕೈಕೆಲಸ. ದಿನಾ ಒಮ್ಮೆ ನೋಡದಿದ್ದರೆ ಅವಳಿಗೆ ಸಮಾಧಾನವಿರಲಿಲ್ಲ.

ಇವತ್ತು ರಜೆಯವರು ಮೂವರು. ಒಬ್ಬಳಿಗೆ ಜ್ವರ. ಒಬ್ಬಳ ತವರಿನಲ್ಲಿ ಮದುವೆ. ಮೂರನೆಯ ಸಾಲನ್ನು ಕಾವ್ಯಾ ಎರಡು ಸಲ ಓದಿದಳು.

"ರೇಣುಕಾ ಸೋಮು, ಘೋಣಸಗಿ. ರಜೆ. ಕಾರಣ: ಮಕ್ಕಳಾಗದಂಗ ಸೂಜಿ ಮಾಡಿಸ್ಕೊಳ್ಳಾಕ ದವಾಖಾನಿಗಿ ಹೋಗಬೇಕ್ರಿ ಅಕ್ಕಾರ ನಮ್ಮ ಮನ್ಯಾಗ ಗೊತ್ತಿಲ್ರಿ ಯಾರ ಮುಂದೂ ಹೇಳಬ್ಯಾಡ್ರಿ."

"ಅಯ್ಯ ಶಿವನ!" ಅಂದಳು ಕಾವ್ಯಾ, ಜೋರಾಗಿಯೇ. ಪಕ್ಕದಲ್ಲಿ ಕೂತ ಹೆಂಗಸು ತಿರುಗಿ ನೋಡಿದಳು.

ಆ ಗ್ರೂಪಿನಲ್ಲಿ ನಲವತ್ತಾರು ಮಂದಿ ಇದ್ದರು. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಆರಿಸುವ ಹೆಂಗಸರು, ಅವರಲ್ಲಿ ಫೋನಿಲ್ಲದವರ ಗಂಡಂದಿರು, ಮೈದುನರು, ಹಮಾಲರು, ಮಾಲಕ ಬಸಗೊಂಡಪ್ಪ ಸಾಹುಕಾರರು. ಮತ್ತೆ, ಹೆಂಗಸರನ್ನು ಊರಿನಿಂದ ತಂದು ಊರಿಗೆ ಬಿಡುವ ಟಂಟಂನ ಸೋಮು. ಸೋಮು ಅಂದರೆ ರೇಣುಕಾಳ ಗಂಡ. ಈ ಹೊತ್ತಿಗೆ ಅವನು ಘೋಣಸಗಿಯ ದಾರಿಯಲ್ಲಿ ಇರಬೇಕು. ಹಿಂದಿನ ಸೀಟಿನಲ್ಲಿ ಹತ್ತು ಮಂದಿ ಹೆಂಗಸರು, ಅವರ ನಡುವೆ ರೇಣುಕಾ. ಇದ್ದವರ ಫೋನೆಲ್ಲ ಒಂದೇ ಸಲಕ್ಕೆ ಟಿಣ್ ಅಂದಿರುತ್ತವೆ.

ಅಳಿಸೋಣವೆಂದರೆ ಅದು ಅವಳ ಫೋನಿನಿಂದ ಹೋದದ್ದಲ್ಲ. ಆಫೀಸಿನ ಫೋನಿನಿಂದ ಹೋದದ್ದು, ಗ್ರೂಪಿನ ಯಜಮಾನಿಕೆಯೂ ಅದಕ್ಕೇ ಇತ್ತು, ಮತ್ತು ಅದು ತಿಕೋಟಾದಲ್ಲಿ ಅವಳ ಮೇಜಿನ ಮೇಲೆ ಚಾರ್ಜಿಗೆ ಹಾಕಿಕೊಂಡು ಕೂತಿತ್ತು.

"ನಿಲ್ಲಸ್ರಿ! ಇಳಿಯೋದೈತಿ!"

"ಈಗರ ಹತ್ತೀರಿ. ಇಲ್ಲಿ ದ್ರಾಕ್ಷಿ ತೋಟದಾಗ ಇಳಿದು ಏನ ಮಾಡತೀರಿ?" ಅಂದ ಕಂಡಕ್ಟರ್. ಅವಳ ಮುಖ ನೋಡಿ ಮತ್ತೇನೂ ಕೇಳದೆ ಸೀಟಿ ಊದಿದ.

ರಸ್ತೆ ದಾಟಿ ತಿಕೋಟಾ ಕಡೆಯ ಬಸ್ಸಿಗೆ ನಿಂತಳು. ರೇಣುಕಾಳಿಗೆ ಮೂರು ಸಲ ಫೋನ್ ಮಾಡಿದಳು. ರಿಂಗ್ ಆಯಿತು, ಎತ್ತಲಿಲ್ಲ. ಸೋಮುವಿಗೆ ಮಾಡುವ ಧೈರ್ಯ ಬರಲಿಲ್ಲ. ಮಾಡಿ ಹೇಳುವುದಾದರೂ ಏನು?

ಇದೆಲ್ಲ ಶುರುವಾದದ್ದು ಒಳ್ಳೆಯ ಮನಸ್ಸಿನಿಂದಲೇ ಅಂತ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಇರಲಿ, ಅದೂ ಸುಳ್ಳಲ್ಲ. ಕಾವ್ಯಾ ವಿಜಯಪುರದ ಇಬ್ರಾಹಿಂಪುರದವಳು, ಬಿ.ಕಾಂ. ಮುಗಿಸಿದವಳು, ಇನ್ನೂ ಮದುವೆಯಾಗಿಲ್ಲ. ಬಸಗೊಂಡಪ್ಪನವರ ಕೋಲ್ಡ್ ಸ್ಟೋರೇಜಿನ ಆಫೀಸಿಗೆ ಸೇರಿ ಒಂದು ವರ್ಷ. ಸೇರಿದಾಗ ಪಾಳಿಯ ವ್ಯವಹಾರವೆಲ್ಲ ಘೋಣಸಗಿಯ ಗುರುಬಾಯಿಯ ಕೈಯಲ್ಲಿತ್ತು. ಗುರುಬಾಯಿ ಗ್ಯಾಂಗಿನ ಮುಂದಾಳು. ಸಂಜೆ ಓಣಿಯಲ್ಲಿ ಒಂದು ಸುತ್ತು ಹಾಕಿ, ಉಳಿದ ಊರಿನವರಿಗೆ ಫೋನು ಹಚ್ಚಿ, ಆಮೇಲೆ ಆಫೀಸಿಗೆ ಹೇಳುವಳು: ನಾಳಿ ಇಪ್ಪತ್ತೆರಡು ಮಂದಿ ಬರತಾರ್ರಿ, ಮೂರು ಮಂದಿ ಬರಂಗಿಲ್ರಿ. ಯಾಕೆ ಬರುವುದಿಲ್ಲ ಅಂತ ಕೇಳಿದರೆ ಇಪ್ಪತ್ತು ವರ್ಷದಿಂದ ಅವಳದು ಒಂದೇ ಉತ್ತರ. "ಮನ್ಯಾಗ ಕೆಲಸ ಐತಂತ್ರಿ."

"ಎಲ್ಲಾರ ಮನ್ಯಾಗೂ ದಿನಾ ಅದೇನ ಕೆಲಸ ಇರತೈತೋ!" ಅಂತ ಬಸಗೊಂಡಪ್ಪ ರೇಗುತ್ತಿದ್ದರು. "ಯಾಕ ಬರಂಗಿಲ್ಲ ಅನ್ನೋದು ನನಗ ಗೊತ್ತಾಗಬೇಕು ಕಾವ್ಯಾ. ಸುಳ್ಳ ಹೇಳಿ ಬ್ಯಾರೇ ಮಂದಿ ತ್ವಾಟಕ್ಕ ಕೂಲಿಗಿ ಹೊಕ್ಕಾರ."

ಕಾವ್ಯಾ ಎರಡು ವಾರ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತಳು. ಒಂದು ಆ್ಯಪಿನ ಬಾಲಕ್ಕೆ ಇನ್ನೊಂದನ್ನು ಕಟ್ಟಿದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಎಲ್ಲ ಹೆಂಗಸರ ಫೋನಿಗೂ ಅವಳ ಧ್ವನಿ ಹೋಗುತ್ತಿತ್ತು: "ನಮಸ್ಕಾರ್ರಿ ಅಕ್ಕಾರ, ನಾ ಕಾವ್ಯಾ ಮಾತಾಡಾಕತ್ತೇನಿ. ನಾಳಿ ಬರತೀರೋ ಇಲ್ಲೋ ಹೇಳ್ರಿ. ಬರದಿದ್ರ ಯಾಕ ಅಂತ ಬಿಚ್ಚಿ ಹೇಳ್ರಿ." ಟೈಪು ಮಾಡಲು ಬಾರದವರು ಮಾತಿನಲ್ಲೇ ಉತ್ತರ ಕಳಿಸುತ್ತಿದ್ದರು. ಒಂದು ಆ್ಯಪು ಆ ಮಾತನ್ನು ಅಕ್ಷರ ಮಾಡುತ್ತಿತ್ತು. ಇನ್ನೊಂದು ಅದನ್ನು ಕೋಷ್ಟಕಕ್ಕೆ ತುಂಬುತ್ತಿತ್ತು. ಮತ್ತೊಂದು ಪಾಳಿ ಹಂಚಿ, ಪಟ್ಟಿ ಮಾಡಿ, ಗ್ರೂಪಿಗೆ ಒಗೆಯುತ್ತಿತ್ತು. ಗುರುಬಾಯಿಯ ಮುಂದಾಳುತನ ಹೋಯಿತು. ಅವಳೂ ಉಳಿದವರ ಜೊತೆ ಮೇಜಿಗೆ ಕೂತು ದ್ರಾಕ್ಷಿಯ ತೊಟ್ಟು ಮುರಿಯತೊಡಗಿದಳು.

ಸಾಹುಕಾರರಿಗೆ ಒಂದು ಪಟ್ಟಿ, ಗ್ರೂಪಿಗೆ ಕಾರಣವಿಲ್ಲದ ಇನ್ನೊಂದು ಪಟ್ಟಿ ಅಂತ ಬೇರೆ ಮಾಡಬಹುದಿತ್ತು. ಒಂದು ತಾಸಿನ ಕೆಲಸ. ನಾಳೆ ಮಾಡಿದರಾಯಿತು ಅಂತ ಬಿಟ್ಟಳು. ಮೂರನೆಯ ದಿನವೇ ಹದಿನೆಂಟು ವರ್ಷದ ಹುಡುಗಿಯೊಬ್ಬಳ ಹೆಸರಿನ ಮುಂದೆ "ಹೊಟ್ಟಿ ನೋವು, ಪ್ರತಿ ತಿಂಗಳಿನಂಗ" ಅಂತ ಬಂದಿತ್ತು. ಅದರ ಕೆಳಗೆ ಇಬ್ಬರು ಹಮಾಲರು ನಗುವ ಮುಖ ಹಾಕಿದ್ದರು. ಕಾವ್ಯಾ ನೋಡಿದ್ದಳು. ಹೆಣ್ಣಾಗಿ ನೋಡಿ, ಮೈ ಮುದುಡಿ, ಛೀ ಅಂದುಕೊಂಡಿದ್ದಳು. ಆದರೆ ಆವತ್ತು ಸಾಹುಕಾರರು ಎಲ್ಲರೆದುರು ಅವಳನ್ನು ಹೊಗಳಿದ್ದರು, ಹೊಗಳಿಕೆಯ ಅಮಲಿನಲ್ಲಿ ಅದು ಮರೆತೇಹೋಯಿತು. ಮರೆತಳು ಅನ್ನುವುದೂ ಸರಿಯಲ್ಲ, ನೆನಪಿಟ್ಟುಕೊಳ್ಳಲಿಲ್ಲ.

ಬಸ್ಸು ಸಿಕ್ಕು, ಶೆಡ್ಡು ಮುಟ್ಟಿ, ಆಫೀಸಿನ ಫೋನು ಕೈಗೆ ತೆಗೆದುಕೊಂಡಾಗ ಆರೂಕಾಲು. ಪಟ್ಟಿ ಅಳಿಸಿದಳು. ಅಷ್ಟರಲ್ಲಿ ಮೂವತ್ತೊಂಬತ್ತು ಮಂದಿ ಓದಿ ಆಗಿತ್ತು.

ಒಳಗೆ ಬಸಗೊಂಡಪ್ಪನವರ ಎದುರು ಬಬಲೇಶ್ವರದ ಸಿದ್ದರಾಮಪ್ಪ ಚಹಾ ಕುಡಿಯುತ್ತ ಕೂತಿದ್ದರು. ಅವರದೂ ಒಂದು ಕೋಲ್ಡ್ ಸ್ಟೋರೇಜು. ಈ ಯಂತ್ರದ ಪಟ್ಟಿಯ ಸುದ್ದಿ ಕೇಳಿ, ತಮಗೂ ಬೇಕು ಅಂತ ನೋಡಲು ಬಂದಿದ್ದರು.

"ಬಾ ಬಾ ಕಾವ್ಯಾ, ಚಲೋ ಹೊತ್ತಿಗೆ ಬಂದಿ," ಅಂದರು ಬಸಗೊಂಡಪ್ಪ. "ಹೋದಾಕಿ ಹೊಳ್ಳಿ ಯಾಕ ಬಂದಿ? ಇರಲಿ. ಸಿದ್ದರಾಮಪ್ಪಗ ತಿಳಿಸಿ ಹೇಳು, ಎಲ್ಲಾ ಹೆಂಗ ತಾನ ಆಗತೈತಿ ಅಂತ."

ಹೊರಗೆ ಟಂಟಂ ನಿಂತ ಸದ್ದಾಯಿತು. ಸೋಮು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಅವನು ಕೂಗಾಡಿಕೊಂಡು ಬರುತ್ತಾನೆ ಅಂತ ಕಾವ್ಯಾ ಅಂದುಕೊಂಡಿದ್ದಳು. ಅವನು ಕೂಗಲಿಲ್ಲ. ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡು, ಸಾಹುಕಾರರಿಗೆ ತಲೆ ಬಾಗಿಸಿ, ಅವಳ ಕಡೆ ತಿರುಗಿದ.

"ಅಕ್ಕಾರ, ಆ ಪಟ್ಟಿ ಮಷಿನ್ ಬರದದ್ದ ಅಲ್ರಿ?"

"ಹೌದ್ರಿ."

"ಮಷಿನ್ ತಪ್ಪ ಬರೀತೈತಿ ಅಲ್ರಿ ಒಮ್ಮೊಮ್ಮಿ? ಯಾರದೋ ಯಾರಿಗೋ ಹಚ್ಚತೈತಿ ಅಲ್ರಿ?" ಅವನು ಕೇಳುತ್ತಿರಲಿಲ್ಲ, ಬೇಡುತ್ತಿದ್ದ. "ಟಂಟಂದಾಗ ಅಷ್ಟೂ ಮಂದಿ ಓದ್ಯಾರ್ರಿ. ಒಬ್ಬಾಕಿ ಜೋರಾಗಿ ಓದಿ ಅರ್ಧಕ್ಕ ಬಾಯಿ ಮುಚ್ಚಿಕೊಂಡ್ಲು. ನಮ್ಮಾಕಿ ಮುಖಾ ಎತ್ತಿಲ್ರಿ. ನೀವು ತಪ್ಪೈತಿ ಅಂತ ಒಂದ ಮಾತ ಹೇಳ್ರಿ, ನಾ ಊರಾಗ ಹೋಗಿ ಹೇಳತೇನಿ. ಮುಗದ ಹೋಗತೈತಿ."

ಎಷ್ಟು ಸಣ್ಣ ಮಾತು! ಹೌದು ಸೋಮು, ತಪ್ಪಾಗಿದೆ. ಅಷ್ಟು ಹೇಳಿದರೆ ಮುಗಿಯುತ್ತಿತ್ತು. ಕಾವ್ಯಾ ಬಾಯಿ ತೆರೆದಳು ಕೂಡ.

"ಏ, ಏನ ಮಾತಾಡತೀಯೋ?" ಅಂದರು ಬಸಗೊಂಡಪ್ಪ. ಸಿದ್ದರಾಮಪ್ಪ ಚಹಾದ ಬಟ್ಟಲು ಕೆಳಗಿಟ್ಟು ಕುತೂಹಲದಿಂದ ನೋಡುತ್ತಿದ್ದರು. "ಮಷಿನ್ ಯಾಕ ತಪ್ಪ ಬರೀತೈತಿ? ನಿಮ್ಮಾಕಿನ ಹೇಳಿದ್ದು ಐತಿ ಅದು. ಧ್ವನಿ ಇರತೈತಿ ಒಳಗ. ಕಾವ್ಯಾ, ಹಚ್ಚು, ಕೇಳಲಿ. ಹೌದಿಲ್ಲೋ? ಇಲ್ಲಾ ನೀ ಮಾಡಿದ್ದು ತಪ್ಪ ಬರೀತೈತೇನ ಮತ್ತ?"

ಸಿದ್ದರಾಮಪ್ಪ ಅವಳ ಮುಖವನ್ನೇ ನೋಡುತ್ತಿದ್ದರು. ಹನ್ನೊಂದು ದಿನ ಒಂದೇ ಒಂದು ತಪ್ಪು ಮಾಡದೆ ನಡೆದ ಕೆಲಸ ಅದು. ಕಾವ್ಯಾ ಆಫೀಸಿನ ಫೋನು ಎತ್ತಿಕೊಂಡಳು, ರೇಣುಕಾಳ ಹೆಸರು ಒತ್ತಿದಳು, ಧ್ವನಿ ಹಚ್ಚಿದಳು. ಕೈ ತಾನೇ ಹೋಯಿತು ಅಂತ ಆಮೇಲೆ ಅವಳು ಎಷ್ಟೋ ಸಲ ಅಂದುಕೊಂಡಳು. ಕೈ ತಾನೇ ಎಲ್ಲಿಗೂ ಹೋಗುವುದಿಲ್ಲ. ತನ್ನ ಕೆಲಸ ತಪ್ಪಲ್ಲ ಅಂತ ತೋರಿಸುವ ಆಸೆ ಇತ್ತು, ಹೋಯಿತು.

ರೇಣುಕಾಳ ಧ್ವನಿ ಮೆಲ್ಲಗೆ ಬಂತು, ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡಿದ ಹಾಗೆ. ಹಿಂದೆ ನೀರಿನ ಟಾಕಿ ತುಂಬುವ ಸದ್ದು. "ಅಕ್ಕಾರ, ನಾ ರೇಣುಕಾ ರಿ..." ಅಂತ ಶುರುವಾಗಿ "...ಯಾರ ಮುಂದೂ ಹೇಳಬ್ಯಾಡ್ರಿ" ಅಂತ ಮುಗಿಯುವ ತನಕ ನಾಲ್ಕೂ ಮಂದಿ ಅಲುಗಾಡದೆ ಕೇಳಿದರು. ಕೊನೆಗೆ ಅವಳು ಒಂದಿಷ್ಟು ನಕ್ಕಿದ್ದಳು, ನಾಚಿಕೊಂಡು.

ಸೋಮು ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡ. "ಬರತೇನ್ರಿ," ಅಂದ. ಚಪ್ಪಲಿ ಹಾಕಿಕೊಳ್ಳುವಾಗ ಎಡಗಾಲಿನದು ಬಲಗಾಲಿಗೆ ಹಾಕಿ, ಮತ್ತೆ ತೆಗೆದು ಬದಲಿಸಿದ.

"ನೋಡಿದ್ರೆಲ್ಲ," ಅಂದರು ಬಸಗೊಂಡಪ್ಪ ಸಿದ್ದರಾಮಪ್ಪನಿಗೆ. ಆದರೆ ಅವರ ದನಿಯಲ್ಲೂ ಮೊದಲಿನ ಹುರುಪಿರಲಿಲ್ಲ. "ಒಂದಕ್ಷರ ತಪ್ಪಿಲ್ಲ."

ಕಾವ್ಯಾಳಿಗೆ ಮೈಯೆಲ್ಲ ಹೇಸಿಗೆ ಸವರಿಕೊಂಡಂತಾಗಿತ್ತು. ಮನೆಗೆ ಹೋಗಿ ಸ್ನಾನ ಮಾಡಿದರೂ ಹೋಗಲಿಲ್ಲ. ಅವ್ವ ಎರಡು ಸಲ ಯಾಕೆ ಉಣ್ಣುತ್ತಿಲ್ಲ ಅಂತ ಕೇಳಿದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಸೋಮುವಿನ ಟಂಟಂ ಎಂದಿನಂತೆ ಬಂತು. ಹೆಂಗಸರು ಇಳಿದರು. ಯಾರೂ ಅವಳಿಗೆ ನಮಸ್ಕಾರ ಅನ್ನಲಿಲ್ಲ. ಸೋಮು ಮುಂದಿನ ಗಾಜನ್ನೇ ನೋಡುತ್ತ ಕೂತಿದ್ದ, ಅವಳು ಹತ್ತಿರ ಹೋಗುವುದರೊಳಗೆ ಗಾಡಿ ತಿರುಗಿಸಿಕೊಂಡು ಹೋದ. ರೇಣುಕಾ ಬಂದಿರಲಿಲ್ಲ. ರಜೆ ಕೇಳಿದ್ದಳು ನಿಜ, ಆದರೆ ಈಗಲೂ ಅದೇ ಕಾರಣವೋ ಅಲ್ಲವೋ.

ಕಾವ್ಯಾ ಶೆಡ್ಡಿನೊಳಗೆ ಹೋಗಿ ಗುರುಬಾಯಿಯ ಮೇಜಿನ ಬಳಿ ನಿಂತಳು.

"ಗುರುಬಾಯಕ್ಕಾ, ರೇಣುಕಾ ಯಾಕ ಬಂದಿಲ್ರಿ?"

ಗುರುಬಾಯಿ ದ್ರಾಕ್ಷಿಯಿಂದ ಕಣ್ಣೆತ್ತಲಿಲ್ಲ. "ಮನ್ಯಾಗ ಕೆಲಸ ಐತಂತ್ರಿ."

ಸುತ್ತ ಕೂತವರ ಕೈ ಒಂದು ಗಳಿಗೆ ನಿಂತವು. ಕಾವ್ಯಾಳಿಗೆ ಕಣ್ಣು ತುಂಬಿ ಬಂತು. ಅಲ್ಲಿಯೇ ಕೆಳಗೆ ಕುಕ್ಕರಗಾಲಲ್ಲಿ ಕೂತುಕೊಂಡಳು.

"ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿಲ್ದ ಏನು? ಮೂರು ತಿಂಗಳಿಗೊಮ್ಮಿ ನಾನ ಕರಕೊಂಡು ಹೋಗತಿದ್ನಿ." ಗುರುಬಾಯಿ ದನಿ ತಗ್ಗಿಸಿದಳು. "ಎರಡನೇ ಹಡದಾಗ ರಗತಾ ಹೋಗಿ ಸಾಯಾಕ ಬಿದ್ದಿದ್ಲು ಆ ಹುಡುಗಿ. ಇನ್ನೊಂದು ಆದ್ರ ಉಳಿಯೋದು ಕಠಿಣ ಐತಿ ಅಂದಾರ ಡಾಕ್ಟರ್. ಅತ್ತಿಗಿ ಗಂಡು ಕೂಸು ಬೇಕಾಗೇತಿ. ಗಂಡ ಅವ್ವನ ಮಾತ ಮೀರಾಂವ ಅಲ್ಲ. ಅಕಿ ಏನ ಮಾಡಬೇಕು? ಇವತ್ತ ಸೂಜಿ ದಿನಾ. ಮೊದಲಾಗಿದ್ರ ಇಬ್ಬರು ಬರಂಗಿಲ್ರಿ, ಮನ್ಯಾಗ ಕೆಲಸ ಐತ್ರಿ ಅಂತಿದ್ನಿ. ಸಾವಕಾರ್ರು ಬೈತಿದ್ರು, ಬೈಸ್ಕೊತಿದ್ನಿ. ಮುಗೀತಿತ್ತು."

"ನನಗ ಗೊತ್ತಿರಲಿಲ್ರಿ ಅಕ್ಕಾ. ಅದು ತಾನ ಹೋಗಿಬಿಡತೈತಿ. ಅಕಿ ಕಳಿಸಿದ ಮಾತು ನಾ ಕೇಳೇ ಇರಲಿಲ್ಲ."

ಈಗ ಗುರುಬಾಯಿ ತಲೆಯೆತ್ತಿದಳು. "ಬಿಚ್ಚಿ ಹೇಳ್ರಿ ಅಂದದ್ದು ನಿನ್ನ ಬಾಯಿ ಅಲ್ಲೇನ ಯವ್ವಾ? ನಾ ಕಾವ್ಯಾ ಮಾತಾಡಾಕತ್ತೇನಿ ಅಂದಿ. ಅಕಿ ನಿನಗ ಹೇಳ್ಯಾಳ. ಕೇಳಿಲ್ಲ ಅಂದ್ರ ಕೇಳಾಕ ಯಾಕ ಹೋದಿ?"

ಕಾವ್ಯಾ ಎದ್ದು ನಿಂತಳು. "ನಾ ಅವರ ಮನಿಗಿ ಹೋಗತೇನಿ. ನೀವು ನನ್ನ ಕೂಡ ಬರ್ರಿ," ಅಂದಳು.

"ನಾ ಯಾಕ ಬರ್ಲಿ? ಮಾಡಿದಾಕಿ ನೀ, ಹೋಗಾಕಿ ನೀ," ಅಂದು ಗುರುಬಾಯಿ ತೊಟ್ಟು ಮುರಿಯತೊಡಗಿದಳು.

ಘೋಣಸಗಿಯಲ್ಲಿ ಬಸ್ಸಿಳಿದು ಸೋಮುವಿನ ಮನೆ ಯಾವುದು ಅಂತ ಕೇಳಿದಾಗ ಅಂಗಡಿಯ ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ತೋರಿಸಿದ. ಅಂಗಳದಲ್ಲಿ ಎರಡು ಆಡು ಕಟ್ಟಿದ್ದವು. ಚಿಕ್ಕ ಹುಡುಗಿಯೊಂದು ಮಣ್ಣಿನಲ್ಲಿ ಗೆರೆ ಎಳೆಯುತ್ತಿತ್ತು. ರೇಣುಕಾ ಮೂಲೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಇವಳನ್ನು ನೋಡಿ ಎದ್ದು ನಿಂತಳು.

ಅತ್ತೆ ಒಳಗಿನಿಂದ ಬಂದಳು. "ನೀನೇನ ಯವ್ವಾ ಆಫೀಸಿನಾಕಿ? ಬಾ. ಎಂಥಾ ಮಷಿನ್ ಇಟ್ಟೀರಿ ಅದು? ನನ್ನ ಸೊಸಿ ಮ್ಯಾಲ ಇಂಥಾದ್ದು ಬರದೈತಿ! ಸೋಮು ಬಂದು ಹೇಳ್ಯಾನ ನನಗ, ಆಫೀಸಿಗಿ ಹೋಗಿ ಕೇಳಿಕೊಂಡು ಬಂದೇನಿ, ಮಷಿನ್ ತಪ್ಪೈತಿ, ಯಾರದೋ ಇಕಿ ಹೆಸರಿಗೆ ಬಂದೈತಿ ಅಂತ. ಅಲ್ಲಾ, ನಾಲ್ಕು ಮಂದಿ ಏನಂದಾರು? ನೀರಿಗೆ ಹೋದ್ರ ಕೇಳತಾರ, ಹಿಟ್ಟಿಗೆ ಹೋದ್ರ ಕೇಳತಾರ!"

ಕಾವ್ಯಾ ನಿಂತಲ್ಲೇ ನಿಂತಳು. ಹಾಗಾದರೆ ಸೋಮು ಸುಳ್ಳು ಹೇಳಿದ್ದ. ಕಿವಿಯಾರೆ ಕೇಳಿ, ಅಷ್ಟು ದೂರ ಟಂಟಂ ಓಡಿಸಿಕೊಂಡು ಬಂದು, ಕಾವ್ಯಾ ಹೇಳದೆ ಉಳಿಸಿದ್ದ ಆ ಒಂದು ಮಾತನ್ನು ತಾನೇ ಹೇಳಿದ್ದ.

"ಹೌದ್ರಿ ಆಯಿ," ಅಂದಳು. "ತಪ್ಪೈತ್ರಿ."

"ನನಗ ಹೇಳಿದ್ರ ಏನಾತು? ಓದಿದಾವ್ರಿಗೆ ಹೇಳು. ಹೆಂಗ ಕಳಿಸಿದ್ರಿ ಹಂಗ ಕಳಿಸು. ಇಲ್ಲೇ, ನನ್ನ ಮುಂದ."

ಕಾವ್ಯಾ ಫೋನು ತೆಗೆದಳು. ಗ್ರೂಪು ತೆರೆದು ಮೈಕು ಒತ್ತಿ ಹಿಡಿದಳು. ಬಿಟ್ಟು ಮತ್ತೆ ಒತ್ತಿದಳು. "ನಾ ಆಫೀಸಿನ ಕಾವ್ಯಾ ಮಾತಾಡಾಕತ್ತೇನಿ. ನಿನ್ನಿ ರೇಣುಕಾ ಅವರ ಹೆಸರಿನ ಮುಂದ ಬಂದದ್ದು ಅವರದಲ್ಲ. ತಪ್ಪ ಬಂದೈತಿ. ಮಾಡಿದಾಕಿ ನಾನು, ತಪ್ಪು ನಂದು. ಅವರಿಗೆ ಯಾರೂ ಏನೂ ಅನ್ನಬ್ಯಾಡ್ರಿ."

"ಹಾಂ," ಅಂದಳು ಅತ್ತೆ. ಅಷ್ಟಕ್ಕೆ ಸಮಾಧಾನವಾಗದೆ, ಪಕ್ಕದ ಮನೆಯವರ ಫೋನಿನಲ್ಲಿ ಅದು ಬಂತೋ ಇಲ್ಲವೋ ಅಂತ ಕೇಳಲು ಹುಡುಗಿಯನ್ನು ಕಂಕುಳಿಗೇರಿಸಿಕೊಂಡು ಹೋದಳು.

ರೇಣುಕಾ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. ಒಂದೇ ದಿನಕ್ಕೆ ಕಣ್ಣಿನ ಸುತ್ತ ಕಪ್ಪಾಗಿತ್ತು.

"ಅವರು ಎಲ್ಲಾರ ಮುಂದ ಮಷಿನ್ ತಪ್ಪೈತಿ ಅಂದ್ರ್ರಿ," ಅಂದಳು ಮೆಲ್ಲಗೆ. "ಆದ್ರ ನನ್ನ ಕೂಡ ಮಾತಿಲ್ರಿ ನಿನ್ನಿಯಿಂದ. ಬುತ್ತಿನೂ ಒಯ್ದಿಲ್ಲ. ಅವರಿಗೆ ಖರೇ ಗೊತ್ತಾಗೇತಿ ಅನಸತೈತಿ. ಹೆಂಗ ಗೊತ್ತಾತೋ?"

ಹೇಳದೆ ಇರಬಹುದಿತ್ತು. ಸೋಮು ಹೇಳಿರಲಿಲ್ಲ, ಸಾಹುಕಾರರು ಹೇಳುವವರಲ್ಲ. ಕಾವ್ಯಾ ನೆಲ ನೋಡುತ್ತ ಹೇಳಿದಳು. "ನಾ ಕೇಳಸಿದ್ನ್ರಿ. ಅವರು ತಪ್ಪೈತೇನು ಅಂತ ಕೇಳಾಕ ಬಂದಿದ್ರು. ನಾ ನಿಮ್ಮ ಧ್ವನಿ ಹಚ್ಚಿ ಕೇಳಸಿದ್ನಿ. ಎಲ್ಲಾರ ಮುಂದ."

ರೇಣುಕಾ ಬಾಗಿ, ತಿಕ್ಕಿದ ಪಾತ್ರೆಗಳನ್ನು ಒಂದೊಂದಾಗಿ ಬೋರಲು ಹಾಕತೊಡಗಿದಳು. ಬೈಯುತ್ತಾಳೆ, ಬೈಯಲಿ ಅಂತ ಕಾವ್ಯಾ ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಿನ್ನಿ ಮನಿಗಿ ಹೊಂಟಾಗ ನಾ ನಿಮ್ಮ ಆಫೀಸಿನ ಕಿಡಕಿ ಕಡಿ ನೋಡಿದ್ನ್ರಿ," ಅಂದಳು ರೇಣುಕಾ ಕೊನೆಗೆ. "ನೀವು ಗೋಣ ಹಾಕಿದ್ರಿ. ಕೇಳ್ಯಾರ, ಆತು ಅಂದಾರ, ಪಟ್ಟಿಯಾಗ ಹಾಕಂಗಿಲ್ಲ, ಅಂತ ತಿಳಕೊಂಡ್ನಿ."

ಹೌದು, ಹಾಕಿದ್ದಳು. ಯಾರಾದರೂ ನೋಡಿದರೆ ಹಾಕುವ ಹಾಗೆ. "ಆವಾಗ ನಾ ಇನ್ನಾ ಅದನ್ನ ಕೇಳಿರಲೇ ಇಲ್ರಿ," ಅಂದಳು.

"ನೀವು ಕೇಳಿರಲೇ ಇಲ್ಲಂದ್ರ," ಅಂದಳು ರೇಣುಕಾ, ನಿಜವಾಗಿಯೂ ತಿಳಿಯದವಳ ಹಾಗೆ, "ನಾ ಯಾರ ಕೂಡ ಮಾತಾಡಿದ್ನ್ರಿ ಮತ್ತ?"

ಕಾವ್ಯಾ ಮುಖ ಮುಚ್ಚಿಕೊಂಡಳು. ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತ್ತು. "ತಪ್ಪಾತ್ರಿ. ತಪ್ಪಾತು," ಅನ್ನುವುದು ಬಿಟ್ಟು ಬೇರೆ ಮಾತು ಬರಲಿಲ್ಲ.

ಬೀದಿಯ ಕಡೆ ಒಮ್ಮೆ ನೋಡಿ ರೇಣುಕಾ ಹತ್ತಿರ ಬಂದಳು. "ಅಳಬ್ಯಾಡ್ರಿ. ಅತ್ತಿ ಬರತಾಳ. ನನಗ ಒಂದ ಹೇಳ್ರಿ, ಆ ಸೂಜಿ ಎಷ್ಟ ದಿನಾ ತಡಾ ಆದ್ರ ನಡೀತೈತ್ರಿ? ಇವತ್ತ ಮಾಡಿಸ್ಕೊಬೇಕಿತ್ತು. ಇನ್ನ ಯಾವಾಗ ಹೊರಗ ಬಿಡತಾರೋ ಗೊತ್ತಿಲ್ಲ."

ಕಾವ್ಯಾಳಿಗೆ ಗೊತ್ತಿರಲಿಲ್ಲ. "ಕೇಳಿ ಹೇಳತೇನ್ರಿ. ಈಗ ಹೋಗಿ ಕೇಳಿಕೊಂಡು..."

"ಫೋನಿನ್ಯಾಗ ಬ್ಯಾಡ್ರಿ," ಅಂದಳು ರೇಣುಕಾ. "ಬಂದು ಹೇಳ್ರಿ."

ತಿಕೋಟಾಕ್ಕೆ ಮರಳುವ ಬಸ್ಸಿನಲ್ಲಿ ಬಸಗೊಂಡಪ್ಪನವರ ಫೋನು ನಾಲ್ಕು ಸಲ ಬಂತು. ಐದನೆಯದಕ್ಕೆ ಎತ್ತಿದಳು.

"ಏ ಹುಡುಗಿ, ಏನಿದು ಗ್ರೂಪಿನ್ಯಾಗ ಕಳಸೀದಿ? ನಿನ್ನಿ ಸಿದ್ದರಾಮಪ್ಪನ ಮುಂದ ಒಂದಕ್ಷರ ತಪ್ಪಿಲ್ಲ ಅಂದೇನಿ ನಾ. ಇವತ್ತ ತಪ್ಪೈತಿ ಅಂತೀದಿ. ನನ್ನ ಮರ್ಯಾದಿ ಏನ ಉಳೀತು? ಅದನ್ನ ಅಳಿಸು. ಇಲ್ಲಾಂದ್ರ ನಾಳಿಯಿಂದ ಬರಬ್ಯಾಡ."

"ಅಳಸಂಗಿಲ್ರಿ ಸಾವಕಾರ್ರ," ಅಂದಳು ಕಾವ್ಯಾ. "ತಪ್ಪ ಐತ್ರಿ ಅದು." ಅವರು ಇನ್ನೇನೋ ಅನ್ನುತ್ತಿರುವಾಗಲೇ ಫೋನು ಇಟ್ಟಳು.

ತಿಕೋಟಾದ ದವಾಖಾನೆಯಲ್ಲಿ ಮಧ್ಯಾಹ್ನದ ಗದ್ದಲ. ಗೋಡೆಗುಂಟ ಹಾಕಿದ ಬೆಂಚಿನ ಮೇಲೆ ಕೂಸು ಎತ್ತಿಕೊಂಡ ಹೆಂಗಸರು, ಮುದುಕಿಯರು. ಅವರಲ್ಲಿ ಇಬ್ಬರನ್ನು ಅವಳು ಬೆಳಿಗ್ಗೆ ಘೋಣಸಗಿಯಲ್ಲಿ, ಕಟ್ಟೆಯ ಹತ್ತಿರ, ಬಸ್ಸಿಗೆ ಕಾಯುತ್ತಿದ್ದಾಗ ನೋಡಿದ್ದಳು. ಅವರೂ ಅವಳ ಗುರುತು ಹಿಡಿದರು. ಕಾವ್ಯಾ ತನ್ನ ಸರದಿ ಬಂದಾಗ ಮೇಜಿನ ಮೇಲೆ ಬಾಗಿ, ಸಿಸ್ಟರಿನ ಕಿವಿಯ ಹತ್ತಿರ ಕೇಳಿದಳು.

"ಸಿಸ್ಟರ್, ಆ ಮೂರು ತಿಂಗಳ ಸೂಜಿ... ತಡಾ ಆದ್ರ ಎಷ್ಟ ದಿನಾ ನಡೀತೈತ್ರಿ?"

"ಯಾವ ಸೂಜಿ? ಜೋರಾಗಿ ಹೇಳವಾ, ಈ ಕೂಸುಗಳ ಗದ್ದಲದಾಗ ಏನೂ ಕೇಳಸವಲ್ದು."

"ಮಕ್ಕಳಾಗದಂಗ ಮಾಡಿಸ್ಕೊಳ್ಳೋದ್ರಿ."

ಬೆಂಚಿನ ಮೇಲಿನ ಮಾತು ನಿಂತಿತು. ಸಿಸ್ಟರ್ ಉದ್ದನೆಯ ರಜಿಸ್ಟರ್ ಎಳೆದುಕೊಂಡು ಹಾಳೆ ತಿರುವತೊಡಗಿದಳು.

"ಹಿಂದಿನ ಸೂಜಿ ಯಾವಾಗ ಆಗೇತಿ ನೋಡಬೇಕಾಗತೈತಿ. ಯಾರಿಗಿ ಬೇಕಾಗೇತಿ? ಹೆಸರ ಹೇಳು. ಯಾವ ಊರು?"

ಕಾವ್ಯಾಳ ಬೆನ್ನಿಗೆ ಅಷ್ಟೂ ಕಣ್ಣು ನೆಟ್ಟಿದ್ದವು. ಘೋಣಸಗಿಯ ಆ ಇಬ್ಬರೂ ಮುಂದಕ್ಕೆ ಬಾಗಿ ಕಿವಿ ಕೊಟ್ಟಿದ್ದರು.

"ನನಗ್ರಿ," ಅಂದಳು, ಎಲ್ಲರಿಗೂ ಕೇಳುವ ಹಾಗೆ. "ಹೆಸರು ಕಾವ್ಯಾ. ವಿಜಯಪುರ."

ಸಿಸ್ಟರಿನ ಪೆನ್ನು ನಿಂತಿತು. ಅವಳು ಕಾವ್ಯಾಳ ಮುಖ ನೋಡಿದಳು, ಆಮೇಲೆ ತಾಳಿಯಿಲ್ಲದ ಕೊರಳು ನೋಡಿದಳು. ಹಿಂದೆ ಯಾರೋ ಬಾಯಿಗೆ ಸೆರಗು ಹಚ್ಚಿಕೊಂಡು ಏನೋ ಅಂದರು.

"ಕುಂದ್ರು," ಅಂದಳು ಸಿಸ್ಟರ್, ಕಾಲಿನಿಂದ ಸ್ಟೂಲು ಮುಂದೆ ತಳ್ಳಿ.

ಹೆಗಲ ಮೇಲಿನ ಓಡ್ನಿಯನ್ನು ಕೊರಳಿಗೆ ಎಳೆದುಕೊಳ್ಳಲು ಎತ್ತಿದ್ದ ಕೈಯನ್ನು ಕಾವ್ಯಾ ತಡೆದು, ತೊಡೆಯ ಮೇಲೆ ಇಟ್ಟುಕೊಂಡು ಕೂತಳು.